ದೂರು ಹೋದ ಮನೆ, ನಾವು ಹೋಗದ ಮನೆ

ನಾನು ದುಡಿದ ಆರು ವರ್ಷಗಳಲ್ಲಿ ನಮ್ಮ ಶಿಕ್ಷಣ ಸಂಸ್ಥೆಯ ಶಿಸ್ತು ಸಮಿತಿ, ಮಕ್ಕಳು ಮಕ್ಕಳಿಗೆ ಕೊಡುವ ಕಾಟವನ್ನು ಒಮ್ಮೆಯೂ ನಿಲ್ಲಿಸಲಿಲ್ಲ. ಅದನ್ನು ಶಾಲೆಯಿಂದ ಮನೆಗೆ ಕಳಿಸಿತು. ಮನೆ ಅದನ್ನು ಇನ್ನಷ್ಟು ಕಾಯಿಸಿ ಮರುದಿನ ಬೆಳಿಗ್ಗೆ ಶಾಲೆಗೇ ವಾಪಸು ಕಳಿಸಿತು. ಈ ಸಾಗಾಣಿಕೆಗೆ ಹೊಣೆಗಾರರು ಸಂಸ್ಥೆಯ ಅಧ್ಯಕ್ಷರು, ಸಮಿತಿಯ ಸದಸ್ಯರು, ನಾಸಿಕ ಮತ್ತು ಛತ್ರಪತಿ ಸಂಭಾಜಿನಗರಗಳ ಎರಡು ಶಾಲೆಗಳ ಮುಖ್ಯಾಧ್ಯಾಪಕರು. ಮತ್ತು ಆಪ್ತಸಮಾಲೋಚಕಿ ಎಂಬ ಹೆಸರಿನಲ್ಲಿ ಆ ಕಾಗದಗಳನ್ನು ಹೊತ್ತು ತಿರುಗಿದ ನಾನು. ಮಕ್ಕಳ ಹೆತ್ತವರು ಹೇಗಿದ್ದಾರೆ ಎಂದು ಕೇಳುವ ಒಂದೇ ಒಂದು ಸಾಲು ನಮ್ಮ ಯಾವ ನಮೂನೆಯಲ್ಲೂ ಇರಲಿಲ್ಲ. ಇದು ಮರೆವಿನಿಂದ ಆದದ್ದಲ್ಲ. ಆ ಸಾಲು ಸೇರಿಸಿ ಎಂದು ನಾನೇ ಮೂರು ಬಾರಿ ಬರೆದು ಕೊಟ್ಟಿದ್ದೇನೆ.

ಈಗ ನಾನು ನಿವೃತ್ತಳು. ವಯಸ್ಸು ಮೂವತ್ತೊಂದು. ಗುತ್ತಿಗೆಯ ಹುದ್ದೆ ರದ್ದಾದರೆ ಆ ನೌಕರರನ್ನು ಏನೆಂದು ಕರೆಯಬೇಕೆಂದು ಕಚೇರಿಗೆ ತಿಳಿಯದೆ, ನಿವೃತ್ತರಿಗೆ ಮಾಡುವ ಸಮಾರಂಭವನ್ನೇ ನನಗೂ ಮಾಡಿದರು. ಶಾಲು, ತೆಂಗಿನಕಾಯಿ, ಒಂದು ಗೋಡೆ ಗಡಿಯಾರ. ಹಳೆಯ ಭಾಷಣವನ್ನೇ ಕಿಸೆಯಲ್ಲಿಟ್ಟುಕೊಂಡು ಬಂದಿದ್ದ ಗಣಿತದ ಸರ್, ‘ಉಳಿದ ಆಯುಷ್ಯವನ್ನು ಮೊಮ್ಮಕ್ಕಳೊಂದಿಗೆ…’ ಎಂದು ಆರಂಭಿಸಿ, ನನ್ನ ಮುಖ ನೋಡಿ, ನೀರು ಕುಡಿದರು.

ಕನ್ನಡದಲ್ಲೇ ಏಕೆ ಬರೆಯುತ್ತಿದ್ದೇನೆಂದರೆ, ಮರಾಠಿಯಲ್ಲೂ ಇಂಗ್ಲಿಷಿನಲ್ಲೂ ಬರೆದ ಪತ್ರಗಳಿಗೆ ಉತ್ತರ ಬರಲಿಲ್ಲ. ಅಧ್ಯಕ್ಷರು ಬೀದರ ಜಿಲ್ಲೆಯಿಂದ ಬಂದು ನಾಸಿಕದಲ್ಲಿ ವ್ಯಾಪಾರ ಬೆಳೆಸಿದವರು. ಪ್ರತಿ ಸಭೆಯಲ್ಲೂ ಒಂದು ವಚನ ಹೇಳಿಯೇ ಮಾತಿಗೆ ತೊಡಗುವವರು. ಭಾಷೆ ಅರ್ಥವಾಗಲಿಲ್ಲ ಎಂಬ ನೆಪ ಈ ಸಲ ಅವರಿಗೆ ಸಿಗದಿರಲಿ. ಇದಲ್ಲದೆ, ಈ ಕೆಲಸಕ್ಕೆ ಹೊಸದಾಗಿ ಸೇರುವ ತಂಗಿಯರೂ ತಮ್ಮಂದಿರೂ ಇದನ್ನು ಓದಲಿ ಎಂಬ ಆಸೆಯೂ ಇದೆ. ನೇಮಕಾತಿ ಪತ್ರದಲ್ಲಿ ಬರೆಯದ ಸಂಗತಿಗಳು ಇಲ್ಲಿವೆ.

ನಾಸಿಕದ ಶಾಲೆಯಲ್ಲಿ ನನಗೆ ಕೊಟ್ಟದ್ದು ಕ್ರೀಡಾ ಸಾಮಗ್ರಿಯ ಕೋಣೆ. ಗೋಡೆಯ ಮೊಳೆಗಳಿಗೆ ಕವಾಯತಿನ ಗೆಜ್ಜೆವಾದ್ಯಗಳಾದ ಲೇಝಿಮುಗಳನ್ನು ತೂಗುಹಾಕಿದ್ದರು. ಫ್ಯಾನು ಹಾಕಿದರೆ ಅವೆಲ್ಲ ಒಟ್ಟಿಗೆ ಝಲ್ಲೆನ್ನುತ್ತಿದ್ದವು. ಹಾಕದಿದ್ದರೆ ಎದುರು ಕೂತ ಮಗು ಬೆವರುತ್ತಿತ್ತು. ಮಗು ಗುಟ್ಟು ಹೇಳುವ ಘಳಿಗೆಯಲ್ಲಿ ಫ್ಯಾನು ಆರಿಸಲು ನಾನು ಎದ್ದರೆ, ಕೂತು ತಿರುಗುವಷ್ಟರಲ್ಲಿ ಮಗುವಿನ ಬಾಯಿ ಮುಚ್ಚಿರುತ್ತಿತ್ತು. ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಓದಿದ ಮನಶ್ಶಾಸ್ತ್ರದಲ್ಲಿ ಲೇಝಿಮಿನ ಪ್ರಸ್ತಾಪವೇ ಇರಲಿಲ್ಲ.

ನಲವತ್ತು ಪ್ರಶ್ನೆಗಳ ಒಂದು ಪತ್ರಿಕೆಯನ್ನು ನಾನೇ ಸಿದ್ಧಪಡಿಸಿದ್ದೆ. ‘ನಿಮಗೆ ಮಾನಸಿಕ ಒತ್ತಡ ಉಂಟಾಗುತ್ತದೆಯೇ? ಎಂದೂ ಇಲ್ಲ, ಕೆಲವೊಮ್ಮೆ, ಯಾವಾಗಲೂ.’ ಪಾಲಕರ ಸಭೆಯಲ್ಲಿ ಹಂಚಿದೆ. ಬಂದ ಉತ್ತರಗಳ ಪ್ರಕಾರ ನಾಸಿಕದಷ್ಟು ನೆಮ್ಮದಿಯ ಊರು ಭೂಮಂಡಲದಲ್ಲಿ ಇನ್ನೊಂದಿರಲಿಲ್ಲ. ಎಲ್ಲರೂ ‘ಎಂದೂ ಇಲ್ಲ’. ಕಲಬುರಗಿ ಕಡೆಯ ಒಬ್ಬ ತಾಯಿ ಪೆನ್ನು ಹಿಡಿಯಲಾರದೆ ನನ್ನ ಕೈಯಿಂದಲೇ ತುಂಬಿಸಿದರು.

“ಎಲ್ಲಾದಕ್ಕೂ ಚಲೋ ಅದ ಅಂತ ಹಾಕ್ರಿ ಅಕ್ಕೋರ.”

“ನಿಜ ಹೇಳಿದರೂ ನಡೀತದ ಅವ್ವ, ಯಾರಿಗೂ ತೋರಸೂದಿಲ್ಲ.”

“ತೋರಸ್ಲಾರದ್ದಕ್ಕ ಬರಕೋತೀರಿ ಯಾಕ?” ಎಂದು ಆಕೆ ಕೇಳಿದರು. ನಲವತ್ತಕ್ಕೂ ‘ಎಂದೂ ಇಲ್ಲ’ ಎಂದು ಗುರುತು ಹಾಕಿದೆ.

ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದ ಶಾಂತಾ ಮಾವಶಿ ನಕ್ಕದ್ದು ನೆನಪಿದೆ. ಅಲ್ಲಿನ ಶಾಲೆಗಳಲ್ಲಿ ಗಂಟೆ ಬಾರಿಸುವ, ಕಸ ಗುಡಿಸುವ, ಬಿದ್ದ ಮಗುವಿನ ಮೊಣಕಾಲು ತೊಳೆಯುವ ಹೆಂಗಸನ್ನು ಮಾವಶಿ ಎನ್ನುತ್ತಾರೆ. ಈಕೆ ಅಕ್ಕಲಕೋಟೆಯ ಕಡೆಯವಳು, ಮನೆಮಾತು ಕನ್ನಡ. ಯಾವ ಮಗು ಉಪವಾಸ ಬಂದಿದೆ, ಯಾವುದರ ಅಂಗಿ ಎರಡು ದಿನದಿಂದ ನೀರು ಕಂಡಿಲ್ಲ ಎಂಬುದು ಪ್ರಾರ್ಥನೆಯ ಸಾಲು ಮುಗಿಯುವುದರೊಳಗೆ ಅವಳಿಗೆ ತಿಳಿದಿರುತ್ತಿತ್ತು. “ನಿಮ್ಮ ಫಾರಮ್ ತುಂಬಿ ಕಪಾಟ ತುಂಬ್ತದ ಮ್ಯಾಡಮ್ಮ. ನನ್ನ ಕೇಳ್ರಿ, ಹೇಳ್ತೀನಿ,” ಎಂದಳು. ಕೇಳಲು ನನಗೆ ಎರಡು ವರ್ಷ ಬೇಕಾಯಿತು. ನನ್ನ ಬಳಿ ಸ್ನಾತಕೋತ್ತರ ಪದವಿಯಿತ್ತು, ಅದು ಅಡ್ಡಬಂತು.

ಮೂರನೆಯ ವರ್ಷ ಬಂದದ್ದು ಭಾಗಮ್ಮನ ಪ್ರಕರಣ. ಆರನೆಯ ತರಗತಿ, ವಯಸ್ಸಿಗಿಂತ ಒಂದು ಗೇಣು ಎತ್ತರ. ತಂದೆ ಶರಣಪ್ಪ, ತಾಯಿ ನಿಂಗಮ್ಮ, ಅಫಜಲಪುರದ ಕಡೆಯಿಂದ ಬಂದು ಪಾಥರ್ಡಿ ಫಾಟಾದ ಹತ್ತಿರ ಏಳುತ್ತಿದ್ದ ಕಟ್ಟಡವೊಂದರಲ್ಲಿ ದುಡಿಯುತ್ತಿದ್ದವರು. ಭಾಗಮ್ಮನ ಕಾಟಕ್ಕೆ ಸಿಕ್ಕಿದ್ದು ಅದೇ ತರಗತಿಯ ಶ್ರಾವಣಿ. ಇವಳ ತಂದೆ ಸಂಗಮೇಶ ಭಾಲ್ಕಿಯವರು, ಸಂಭಾಜಿನಗರದ ವಾಳುಜದಲ್ಲಿ ಕಾರ್ಖಾನೆಯೊಂದರ ಮೇಲ್ವಿಚಾರಕರು. ವಾರದ ರಜೆಗೆ ಮಾತ್ರ ನಾಸಿಕಕ್ಕೆ ಬರುತ್ತಿದ್ದರು. ತಾಯಿ ಸುವರ್ಣಾ ಮಗಳೊಂದಿಗೆ ನಾಸಿಕದಲ್ಲಿದ್ದರು.

ಭಾಗಮ್ಮ ಶ್ರಾವಣಿಯ ಡಬ್ಬಿ ಕಸಿಯುತ್ತಿದ್ದಳು, ತನ್ನ ಚೀಲ ಹೊರಿಸುತ್ತಿದ್ದಳು, ಮತ್ತು ದಿನವೂ ಅವಳ ಎರಡು ಜಡೆಗಳ ರಿಬ್ಬನ್ ಬಿಚ್ಚಿ ತೆಗೆದುಕೊಳ್ಳುತ್ತಿದ್ದಳು. ರಿಬ್ಬನ್ ಅವಳಿಗೆ ಏನಕ್ಕೂ ಬೇಕಿರಲಿಲ್ಲ. ಅವಳ ತಲೆ ಗೂಡಿನಂತೆ ಕೆದರಿರುತ್ತಿತ್ತು. ತಿಂಗಳುಗಟ್ಟಲೆ ನಡೆದ ಈ ವಿಷಯವನ್ನು ಶ್ರಾವಣಿ ಯಾರಿಗೂ ಹೇಳಲಿಲ್ಲ. ಕೊನೆಗೆ ರಿಬ್ಬನ್ನುಗಳ ಒಂದು ಗಂಟೇ ನೀರಿನ ಟಾಕಿಯ ಹಿಂದೆ ಮಾವಶಿಗೆ ಸಿಕ್ಕಿತು.

ನಾನು ಪದ್ಧತಿಯಂತೆ ನಡೆದುಕೊಂಡೆ. ದಾಖಲಾತಿ ಪುಸ್ತಕದಲ್ಲಿ ‘ಪಾಲಕರ ದೂರವಾಣಿ’ ಎಂಬಲ್ಲಿದ್ದ ಸಂಖ್ಯೆಗೆ ಫೋನು ಹಚ್ಚಿದೆ. “ಹಾಂ, ಬೋಲೋ,” ಎಂದು ದಪ್ಪ ದನಿ. ಭಾಗಮ್ಮನ ವಿಷಯ ಎಂದೆ. “ಹೇಳ್ರಿ,” ಎಂದಿತು ದನಿ. ಹತ್ತು ನಿಮಿಷ, ನನ್ನ ಅತ್ಯುತ್ತಮ ಕನ್ನಡದಲ್ಲಿ, ಅವರ ಮಗಳು ಮಾಡಿದ್ದನ್ನೆಲ್ಲ ವಿವರಿಸಿದೆ. “ಆತು ಬಿಡ್ರಿ ಮ್ಯಾಡಮ್, ನಾ ನೋಡ್ಕೋತೀನಿ,” ಎಂದು ಆತ ಫೋನಿಟ್ಟ. ಕಡತದಲ್ಲಿ ನಾನು ಬರೆದದ್ದು: ‘ಪಾಲಕರು ಸಹಕರಿಸುವ ಮನೋಭಾವದವರು.’

ಭಾಗಮ್ಮ ಎರಡು ದಿನ ಶಾಲೆಗೆ ಬರಲಿಲ್ಲ. ಮೂರನೆಯ ದಿನ ತುಟಿ ಊದಿಸಿಕೊಂಡು ಬಂದು, ಮೊದಲ ಬಿಡುವಿನಲ್ಲೇ ಶ್ರಾವಣಿಯನ್ನು ನಲ್ಲಿಯ ಕಟ್ಟೆಗೆ ತಳ್ಳಿದಳು. ಹಣೆಗೆ ಮೂರು ಹೊಲಿಗೆ. ಅಂದು ಮಧ್ಯಾಹ್ನ ಮಾವಶಿ ನನ್ನ ಕೋಣೆಗೆ ಬಂದು, ಫ್ಯಾನು ತಾನೇ ಆರಿಸಿ, ಎದುರಿಗೆ ಕೂತಳು.

“ಫೋನ್ ಯಾರಿಗಿ ಹಚ್ಚಿದ್ರಿ?”

“ಅವರಪ್ಪಗ.”

“ಶರಣಪ್ಪನ ಹಂತ್ಯಾಕ ಫೋನೇ ಇಲ್ಲ. ಅದು ಮುಕಾದಮನ ನಂಬರ. ಸೈಟಿನ ಮಕ್ಕಳ ಎಲ್ಲಾ ಫಾರಮಿನ್ಯಾಗ ಅವಂದೇ ನಂಬರ. ಹನ್ನೆರಡು ಮಕ್ಕಳ ಅಪ್ಪ ಆಗ್ಯಾನ ಅವ, ನಿಮ್ಮ ಪುಸ್ತಕದಾಗ!”

ಪುಸ್ತಕ ತೆರೆದು ನೋಡಿದೆ. ಹೌದು. ಒಂದೇ ಸಂಖ್ಯೆ, ತರಗತಿಗೊಬ್ಬರು ಇಬ್ಬರಂತೆ ಹನ್ನೆರಡು ಕಡೆ. ಕೂಲಿಕಾರರನ್ನು ಊರಿಂದ ಕರೆತಂದು ಕೆಲಸಕ್ಕೆ ಹಚ್ಚುವ ಮುಕಾದಮನೇ ಅವರ ಮಕ್ಕಳನ್ನೂ ಶಾಲೆಗೆ ಸೇರಿಸುತ್ತಿದ್ದ. ನಮ್ಮ ಗುಮಾಸ್ತರು ಅವನ ಸಂಖ್ಯೆಯನ್ನೇ ಬರೆದುಕೊಳ್ಳುತ್ತಿದ್ದರು. ವರ್ಷಗಳಿಂದ ಶಾಲೆಯ ಪ್ರತಿ ದೂರೂ ತಂದೆಯನ್ನು ಬಿಟ್ಟು ತಂದೆಯ ಧಣಿಗೆ ಹೋಗುತ್ತಿತ್ತು. ಹೊಸಬರು ಇಷ್ಟಾದರೂ ನೆನಪಿಡಿ: ಫೋನಿನಲ್ಲಿ ಮಗುವಿನ ಹೆಸರು ಹೇಳುವ ಮುನ್ನ, ಆ ಕಡೆ ಯಾರಿದ್ದಾರೆಂದು ಕೇಳಿ. ಇಷ್ಟು ಸಣ್ಣ ಸಂಗತಿಯನ್ನು ನನಗೆ ಯಾರೂ ಕಲಿಸಲಿಲ್ಲ, ನಾನೂ ಯೋಚಿಸಲಿಲ್ಲ. ಅದಕ್ಕೆ ಬೆಲೆ ತೆತ್ತವರು ಇಬ್ಬರು ಹನ್ನೊಂದು ವರ್ಷದ ಹುಡುಗಿಯರು.

ವಾರದ ಸಂತೆಯ ದಿನ ಕಟ್ಟಡದ ಕೆಲಸಕ್ಕೆ ಬಿಡುವು. ಮಾವಶಿಯನ್ನು ಜೊತೆಗೆ ಕರೆದುಕೊಂಡು ತಗಡಿನ ಶೆಡ್ಡುಗಳ ಸಾಲಿಗೆ ಹೋದೆ. ನಿಂಗಮ್ಮ ಹೊರಗೆ ಗೋಡೆಗೆ ಒರಗಿ ಕೂತಿದ್ದರು. ಒಳಗೆ ಭಾಗಮ್ಮ ರೊಟ್ಟಿ ಬಡಿಯುತ್ತಿದ್ದಳು. ನಮ್ಮನ್ನು ನೋಡಿ ಬಡಿತ ಜೋರಾಯಿತು.

“ಬರ್ರಿ ಅಕ್ಕೋರ, ಕುಂದರ್ರಿ,” ಎಂದರು ನಿಂಗಮ್ಮ. “ಇನ್ನೊಂದು ಸಲ ಬೈಯಾಕ ಬಂದೀರೇನು?”

“ಇಲ್ಲ. ಮೊದಲ ಸಲ ಬೈದದ್ದು ತಪ್ಪಾಗ್ಯದ ಅಂತ ಹೇಳಾಕ ಬಂದೀನಿ.”

ಶಾಲೆಯವರು ತಪ್ಪೊಪ್ಪಿಕೊಳ್ಳುವುದನ್ನು ಆಕೆ ಮೊದಲು ಕಂಡಿರಲಿಲ್ಲವೆಂದು ತೋರುತ್ತದೆ. ಮಾವಶಿಯ ಮುಖ ನೋಡಿದರು, ಇದೇನು ತಮಾಷೆಯೇ ಎಂಬಂತೆ. ಶರಣಪ್ಪ ಹೊರಗಿನಿಂದ ಬಂದು ನಿಂತರು. ಸಣ್ಣ ಆಳು, ಕಬ್ಬಿಣದ ಸರಳುಗಳನ್ನು ತಂತಿಯಿಂದ ಬಿಗಿದು ಕಟ್ಟುವ ಕೆಲಸ.

“ನನಗ ಹೇಳಿದ್ರ ಸಾಕಿತ್ರಿ,” ಎಂದರು. “ಮುಕಾದಮ ಊಟದ ಹೊತ್ತಿನ್ಯಾಗ ಮಂದಿ ಎಲ್ಲಾ ಕುಂತಾಗ ಹೇಳ್ದ. ‘ನಿನ್ನ ಮಗಳು ಗುಂಡಾ ಆಗ್ಯಾಳಂತ, ಸಾಲಿ ಮ್ಯಾಡಮ್ ಫೋನ್ ಬಂದಿತ್ತು’ ಅಂತ. ಮಂದಿ ನಕ್ಕರು. ಆ ನಗೀನೇ ಹೊತ್ಕೊಂಡು ಮನಿಗಿ ಬಂದೆ. ಬಂದು ಹುಡುಗಿಗಿ ಬಡದೆ.” ಹೆಂಡತಿಯ ಕಡೆ ಕೈ ತೋರಿ, “ಬಿಡಸಾಕ ಬಂದ ಇಕಿಗೂ ಬಡದೆ,” ಎಂದರು.

ಹಿಂದಿನ ಚಳಿಗಾಲದಲ್ಲಿ ನಿಂಗಮ್ಮ ದಿಂಡೋರಿಯ ದ್ರಾಕ್ಷಿ ತೋಟಗಳಿಗೆ ಕೆಲಸಕ್ಕೆ ಹೋಗುತ್ತಿದ್ದಾಗ ಏಳು ತಿಂಗಳ ಬಸುರು ಇಳಿದುಹೋಗಿತ್ತು. ವಾರ ಕಳೆಯುವುದರೊಳಗೆ ಮತ್ತೆ ಕೆಲಸ. “ಅಳಾಕೂ ಪುರಸೊತ್ತಿದ್ದಿಲ್ರಿ. ಈಗ ಪುರಸೊತ್ತಾಗ್ಯದ, ಅಳು ಬರವಲ್ದು. ಕೈನೇ ಏಳವಲ್ದು. ಹುಡುಗಿ ತಲಿ ಬಾಚಬೇಕಂತ ಹಣಿಗಿ ಹಿಡೀತೀನಿ, ಹಂಗೇ ಕುಂದರ್ತೀನಿ.” ಒಳಗಿನ ರೊಟ್ಟಿಯ ಬಡಿತ ನಿಂತಿತ್ತು.

ಮುಂದಿನ ಸಂತೆಯ ದಿನಗಳಲ್ಲಿ ಮಾವಶಿ ನಿಂಗಮ್ಮನನ್ನು ಸರ್ಕಾರಿ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಕರೆದೊಯ್ದಳು. ಮುಕಾದಮನನ್ನು ನಾನು ಕಂಡು, ಇನ್ನು ಮೇಲೆ ಶಾಲೆಯ ಮಾತು ಶಾಲೆಯವರೇ ಆಡುತ್ತಾರೆಂದು ಹೇಳಿದೆ. ಆತ ಬೇಸರಿಸಿಕೊಳ್ಳಲಿಲ್ಲ; ಹನ್ನೆರಡು ಮಕ್ಕಳ ಗೋಳು ತಪ್ಪಿತೆಂದು ನಿರುಮ್ಮಳನಾದಂತೆ ಕಂಡ. ಭಾಗಮ್ಮನ ತಲೆಯ ಹೊಣೆಯನ್ನು ಶರಣಪ್ಪ ವಹಿಸಿಕೊಂಡರು. ಅವರಿಗೆ ಗೊತ್ತಿದ್ದ ಕಟ್ಟು ಒಂದೇ. ಒಂದು ಬೆಳಿಗ್ಗೆ ಭಾಗಮ್ಮ ಹುಬ್ಬುಗಳನ್ನು ಹಣೆಯ ಮೇಲಕ್ಕೆ ಏರಿಸಿಕೊಂಡು ಬಂದಳು.

“ಏನಾತು?”

“ಅಪ್ಪ ಹೆಳಲು ಹಾಕ್ಯಾನ್ರಿ. ಸಂಜೀತನಾ ಕಣ್ಣು ಮುಚ್ಚಾಕ ಬರೂದಿಲ್ಲ.”

ಮಾವಶಿ ಮುಟ್ಟಿ ನೋಡಿ, “ಸ್ಲ್ಯಾಬ್ ಹಾಕಿದ್ರೂ ತಡೀತದ ನೋಡು,” ಎಂದಳು. ಭಾಗಮ್ಮ ನಕ್ಕದ್ದನ್ನು ನಾನು ಕಂಡದ್ದು ಅಂದೇ ಮೊದಲು. ಶ್ರಾವಣಿಯ ರಿಬ್ಬನ್ನುಗಳು ಆಮೇಲೆ ಕಳೆಯಲಿಲ್ಲ. ಇಬ್ಬರೂ ಗೆಳತಿಯರಾದರು ಎಂದು ಬರೆಯಲು ಆಸೆಯಿದೆ, ಆಗಲಿಲ್ಲ. ಹೊಲಿಗೆ ಬಿದ್ದ ಹಣೆ ಅಷ್ಟು ಬೇಗ ಮರೆಯುವುದಿಲ್ಲ, ಮರೆಯಬೇಕೂ ಇಲ್ಲ. ಭಾಗಮ್ಮ ಈಗ ಪಿಂಪಳಗಾಂವ್ ಬಸವಂತ್‌ನ ಶಾಲೆಯೊಂದರಲ್ಲಿ ಒಂಬತ್ತನೆಯ ತರಗತಿ ಓದುತ್ತಿದ್ದಾಳೆ. ತಲೆ ತಾನೇ ಬಾಚಿಕೊಳ್ಳುತ್ತಾಳಂತೆ.

ಇಲ್ಲಿಯವರೆಗಿನ ಕಥೆಯನ್ನು ಸಂಸ್ಥೆ ತನ್ನ ವಾರ್ಷಿಕ ವರದಿಯಲ್ಲಿ ಹೆಮ್ಮೆಯಿಂದ ಅಚ್ಚು ಹಾಕಿಸಿತು. ಆ ವರದಿಯಲ್ಲಿ ಇಲ್ಲದ ಭಾಗವೇ ನನ್ನ ದೊಡ್ಡ ತಪ್ಪು.

ಹೊಲಿಗೆ ಬಿಚ್ಚಿದ ಮೇಲೆ ಶ್ರಾವಣಿಯೊಂದಿಗೂ ಒಮ್ಮೆ ಮಾತಾಡಿದ್ದೆ. ಅವಳನ್ನು ಮಾತಿಗೆಳೆಯಲು, “ಎಷ್ಟು ಚೆಂದ ಜಡೆ ಹಾಕ್ತಾರ ನಿಮ್ಮಮ್ಮ,” ಎಂದೆ.

“ನಾನೇ ಹಾಕ್ಕೋತೀನಿ. ಮಮ್ಮಿ ಝೋಪ್‌ದಾಗ ಇರ್ತಾಳ, ಏಳೂದೇ ಇಲ್ಲ.”

“ಡಬ್ಬಿ?”

“ಪೋಹೆ ಮಾಡಾಕ ನನಗ ಬರ್ತದ.”

“ಇಷ್ಟು ದಿನ ಮನೆಯಲ್ಲಿ ಏಕೆ ಹೇಳಲಿಲ್ಲ?”

ಅವಳು ಮರಾಠಿ, ಕನ್ನಡ ಕಲಸಿ ಹೇಳಿದ್ದು ಇಷ್ಟು: “ಮಮ್ಮಿಗೆ ಹೇಳಿದ್ರ ಅಳ್ತಾಳ. ಪಪ್ಪಾಗ ಫೋನ್ ಮಾಡ್ತಾಳ. ಪಪ್ಪಾ ಮಮ್ಮಿಗೇ ಒದರ್ತಾನ. ಮಗ ಕಶಾಲಾ ಹೇಳೂದು?” ಮತ್ತೆ ಯಾಕೆ ಹೇಳುವುದು ಎಂಬ ಆ ಪ್ರಶ್ನೆಯನ್ನು ಕೇಳಿಯೂ ನಾನು ಕಡತದಲ್ಲಿ ಬರೆದ ಷರಾ ಇದು: ‘ಮಗು ಸ್ವಾವಲಂಬಿ. ಪ್ರಕರಣ ಮುಕ್ತಾಯ.’

ಭಾಗಮ್ಮ ಯಾವ ತಾಯಿಯ ಕೈಯ ಜಡೆಯೆಂದು ಹೊಟ್ಟೆಯುರಿದು ಬಿಚ್ಚುತ್ತಿದ್ದಳೋ, ಅದನ್ನು ತಾಯಿ ಹೆಣೆದೇ ಇರಲಿಲ್ಲ. ಎರಡೂ ಮನೆಗಳಲ್ಲಿ ತಾಯಂದಿರು ಒಂದೇ ಬಗೆಯಲ್ಲಿ ಕುಸಿದಿದ್ದರು. ತಗಡಿನ ಶೆಡ್ಡಿಗೆ ನಾನು ಹೋದೆ, ಏಕೆಂದರೆ ಅಲ್ಲಿ ಹೊಡೆಯುವ ಮಗುವಿತ್ತು. ಶ್ರಾವಣಿಯ ಮೂರನೆಯ ಮಹಡಿಯ ಫ್ಲ್ಯಾಟಿಗೆ ಹೋಗಲಿಲ್ಲ. ಹೊಡೆತ ತಿನ್ನುವ ಮಗುವಿನ ಮನೆ ಸರಿಯಾಗಿಯೇ ಇರುತ್ತದೆ ಎಂಬುದು ನಮ್ಮ ಇಡೀ ವ್ಯವಸ್ಥೆಯ ನಂಬಿಕೆ, ಮತ್ತು ಸಂಬಳದ ಮನೆಯ ಬಾಗಿಲು ತಟ್ಟುವುದಕ್ಕೆ ನನಗೆ ಸಂಕೋಚ. ಬಡವರ ಮನೆಯ ನೋವನ್ನು ಮಾತ್ರ ವಿಚಾರಿಸುವ ಹಕ್ಕು ತನಗಿದೆಯೆಂದು ತಿಳಿಯುವ ಆಪ್ತಸಮಾಲೋಚನೆ ಎಂಥದು? ಆ ಪ್ರಶ್ನೆಯನ್ನು ನಾನು ಆಗ ಕೇಳಿಕೊಳ್ಳಲಿಲ್ಲ.

ನಾಲ್ಕು ವರ್ಷ ತುಂಬಿದ ಮೇಲೆ ನನ್ನನ್ನು ಸಂಭಾಜಿನಗರದ ಶಾಲೆಗೆ ಕಳಿಸಿದರು. ಅಲ್ಲಿ ಲೇಝಿಮ್ ಇರಲಿಲ್ಲ, ಏಸಿ ಇತ್ತು. ಪದ್ಧತಿಯೂ ಹೊಸದು: ದೂರು ಬಂದ ಕೂಡಲೇ ಶಿಕ್ಷಕರು ಮೊಬೈಲಿನ ಆ್ಯಪ್‌ನಲ್ಲಿ ಮಗುವಿನ ಹೆಸರಿನ ಮುಂದೆ ಕೆಂಪು ಚುಕ್ಕೆ ಒತ್ತಬೇಕು, ತಕ್ಷಣ ಪಾಲಕರಿಗೆ ಸಂದೇಶ ಹೋಗುತ್ತದೆ, ಮೂರು ಚುಕ್ಕೆಯಾದರೆ ಶಿಸ್ತು ಸಮಿತಿಯ ವಿಚಾರಣೆ. “ಈಗ ಯಾರ ಮನೆಗೂ ಅಲೆಯಬೇಕಾಗಿಲ್ಲ ಮ್ಯಾಡಮ್,” ಎಂದರು ಮುಖ್ಯಾಧ್ಯಾಪಕರು. ಉದ್ಘಾಟನೆಯ ದಿನ ಎಲ್ಲರೆದುರು ಗುಂಡಿ ಒತ್ತಿ ತೋರಿಸುವಾಗ, ಮೊದಲ ಕೆಂಪು ಸಂದೇಶ ಅವರ ಕಿಸೆಯಲ್ಲೇ ಕುಂಯ್‌ಗುಟ್ಟಿತು. ಅವರ ಮಗ ನಮ್ಮಲ್ಲೇ ಎಂಟನೆಯ ತರಗತಿಯಲ್ಲಿದ್ದ. “ತಾಂತ್ರಿಕ ದೋಷ,” ಎಂದು ಅವರು ಘೋಷಿಸಿದರು. ಉಳಿದ ಪಾಲಕರಿಗೆ ಹೋದ ಯಾವ ಕೆಂಪು ಸಂದೇಶವನ್ನೂ ಆಮೇಲೆ ಯಾರೂ ದೋಷವೆನ್ನಲಿಲ್ಲ.

ಶ್ರಾವಣಿಯ ಸಂಸಾರವೂ ಆ ವೇಳೆಗೆ ತಂದೆಯಿದ್ದಲ್ಲಿಗೆ ಬಂದಿತ್ತು. ಅವಳು ನಮ್ಮ ಶಾಲೆಗೇ ಸೇರಿದ್ದಳು. ನನ್ನನ್ನು ಕಂಡು ನಕ್ಕಳು, ನಾನೂ ನಕ್ಕೆ. ಈ ವರ್ಷ, ಒಂಬತ್ತನೆಯ ತರಗತಿಯಲ್ಲಿ, ಅವಳ ಹೆಸರಿನ ಮುಂದೆ ಎರಡು ಕೆಂಪು ಚುಕ್ಕೆ ಕಂಡಾಗ, ಯಾರೋ ತಪ್ಪು ಹೆಸರು ಒತ್ತಿದ್ದಾರೆ ಎಂದೇ ತಿಳಿದೆ.

ತಪ್ಪು ಹೆಸರಾಗಿರಲಿಲ್ಲ. ಪ್ರಾಜಕ್ತಾ ಎಂಬ ಸಹಪಾಠಿಯ ಮೇಲೆ ಶ್ರಾವಣಿ ‘ಅಬೋಲಾ’ ಹಾಕಿಸಿದ್ದಳು. ಮುನಿಸಿಕೊಂಡು ಮಾತು ಬಿಡುವುದಕ್ಕೆ ಮರಾಠಿಯಲ್ಲಿ ಹಾಗೆನ್ನುತ್ತಾರೆ. ಇಬ್ಬರ ನಡುವೆ ಎರಡು ದಿನ ನಡೆದರೆ ಅದು ಮುನಿಸು. ಇಲ್ಲಿ ಇಡೀ ತರಗತಿ, ಏಳು ವಾರ, ಆ ಹುಡುಗಿಯೊಂದಿಗೆ ಒಂದು ಮಾತೂ ಆಡಿರಲಿಲ್ಲ. ಅವಳು ಬೆಂಚಿಗೆ ಬಂದರೆ ಉಳಿದವರು ಏಳುತ್ತಿದ್ದರು. ಪೆನ್ಸಿಲ್ ಕೇಳಿದರೆ ಗೋಡೆ ನೋಡುತ್ತಿದ್ದರು. ಎಂಟನೆಯ ವಾರ ಪ್ರಾಜಕ್ತಾ ಶಾಲೆಗೆ ಬರುವುದನ್ನೇ ಬಿಟ್ಟಳು. ಊಟವನ್ನೂ ಬಿಟ್ಟಿದ್ದಾಳೆಂದು ಅವಳ ತಾಯಿ ಬಂದು ಅತ್ತರು.

ಶ್ರಾವಣಿಯನ್ನು ಕರೆದು ಕೇಳಿದೆ. ಕೈಕಟ್ಟಿ ನಿಂತಳು.

“ನಾನು ಕೈ ಹಚ್ಚಿಲ್ಲ ಮ್ಯಾಡಮ್. ಬೈದಿಲ್ಲ. ಭಾಗಮ್ಮ ನನಗ ಹೊಡದಿದ್ಲು, ನೆನಪದ ಅಲ್ಲ? ನಾ ಹಂಗ ಏನೂ ಮಾಡಿಲ್ಲ. ಬರೇ ಬೋಲತ್ ನಾಹಿ.”

“ಮಾತು ಬಿಟ್ಟರೆ ನೋಯುತ್ತದೆ ಎಂದು ನಿನಗೆ ಯಾರು ಹೇಳಿದರು?”

“ಯಾರ ಹೇಳಬೇಕು? ಮನ್ಯಾಗ ನೋಡ್ತೀನಲ್ಲ. ಪಪ್ಪಾ ಮಮ್ಮಿ ಸಂಗಾಟ ಮಾತಾಡಿ ತೀನ್ ಮಹಿನೆ ಆತು. ಒಬ್ರದು ಒಬ್ರಿಗೆ ನಾನೇ ಮುಟ್ಟಸೂದು. ನಾ ಟ್ಯೂಷನ್‌ಗೆ ಹೋದ್ರ ಇಬ್ರೂ ಉಪಾಶಿ.” ನಗಲು ನೋಡಿದಳು. ನಗು ಬರಲಿಲ್ಲ.

ಈ ಸಲ ಗುಂಡಿ ಒತ್ತದೆ ಮನೆಗೆ ಹೋದೆ. ಮೂರು ವರ್ಷ ತಡವಾಗಿ. ಸುವರ್ಣಾ ಬಾಗಿಲು ತೆರೆದರು. ಸಂಗಮೇಶ ನಾಲ್ಕು ಹೆಜ್ಜೆ ಆಚೆ ಕುರ್ಚಿಯಲ್ಲಿದ್ದರು.

“ಪಪ್ಪಾಗ ಹೇಳು, ಮ್ಯಾಡಮ್ ಬಂದಾರ,” ಎಂದರು ತಾಯಿ ಮಗಳಿಗೆ.

ನಾನು ಅವರ ಕಣ್ಣೆದುರೇ ನಿಂತಿದ್ದೆ. “ಮಮ್ಮಿಗೆ ಹೇಳು, ಚಾ ಇಡು ಅಂತ,” ಎಂದರು ಅವರು, ಹೆಂಡತಿಯ ಕಣ್ಣೆದುರೇ. ಶ್ರಾವಣಿ ಟೆನಿಸ್ ಪಂದ್ಯದ ಬಲೆಯ ಹಾಗೆ ನಡುವೆ ನಿಂತಿದ್ದಳು.

ಮಗಳ ವಿಷಯ ಎತ್ತದೆ, ನೀವು ಹೇಗಿದ್ದೀರಿ ಎಂದು ಸುವರ್ಣಾರನ್ನು ಕೇಳಿದೆ. “ನಾನ? ಶ್ರಾವಣಿ ಸಲುವಾಗಿ ಬಂದೀರಿ ಅಂದ್ಕೊಂಡಿದ್ದೆ,” ಎಂದರು. ಚಹಾ ಇಡಲು ಒಳಗೆ ಹೊರಟವರು ಅಡುಗೆಮನೆಯ ಬಾಗಿಲಲ್ಲಿ ನಿಂತು, “ಹಾಸಿಗಿ ಬಿಟ್ಟು ಏಳೂದೇ ಗುಡ್ಡಾ ಏರಿದಂಗ ಆಗ್ತದ್ರಿ. ಮಂದಿ ನಿದ್ದಿ ಅಂತಾರ. ನಿದ್ದಿ ಆಗಿದ್ರ ಎದ್ದಮ್ಯಾಲ ಹಗುರಾಗಬೇಕಿತ್ತಲ್ಲ?” ಎಂದರು.

ಸಂಗಮೇಶ ನೆಲ ನೋಡುತ್ತ ಹೇಳಿದರು: “ಸಾಲಿಯಿಂದ ಕೆಂಪು ಮೆಸೇಜ್ ಬಂತಂದ್ರ ಡ್ಯೂಟಿ ಮ್ಯಾಲಿನ ಹುಡುಗರೆಲ್ಲಾ ನೋಡ್ತಾರ್ರಿ. ತಲಿ ಕೆಡ್ತದ. ಮೊದಲ ಒದರ್ತಿದ್ದೆ. ಒದರೂದು ಚಲೋ ಅಲ್ಲ, ಮಗಳು ದೊಡ್ಡಾಕಿ ಆಗ್ಯಾಳ ಅಂತ ಮಾತೇ ಬಿಟ್ಟೆ. ನಾ ಸುಧಾರಿಸೀನಿ ಅಂದ್ಕೊಂಡಿದ್ದೆ.”

ಆ ಮನುಷ್ಯನ ಮೇಲೆ ಸಿಟ್ಟಾಗಬೇಕೆಂದು ಹೋದವಳು ಆಗಲಾರದೆ ಕೂತೆ. ಒಳಗೆ ಚಹಾ ಕುದಿಯುತ್ತಿತ್ತು. ಸಂಗಮೇಶ ಮಗಳ ಕಡೆ ತಿರುಗಿ ಬಾಯಿ ತೆರೆದರು. “ಶ್ರಾವಣಿ, ನೀನು ಸುಮ್ಮನೆ ಕೂತುಕೋ,” ಎಂದೆ. ಅವಳು ಕೂತಳು. ಕೊನೆಗೆ ಅವರು ಕಿಟಕಿಗೆ ಹೇಳಿದಂತೆ ಹೇಳಿದರು: “ಸಕ್ಕರಿ ಕಡಿಮಿ ಹಾಕು.”

“ಗೊತ್ತದ,” ಎಂದಿತು ಅಡುಗೆಮನೆ.

ಅಲ್ಲಿಂದ ಮುಂದಿನದು ಸುಲಭವಾಗಿತ್ತು ಎಂದು ನಾನು ಹೇಳುವುದಿಲ್ಲ. ಸುವರ್ಣಾ ವೈದ್ಯರನ್ನು ಕಾಣತೊಡಗಿದರು. ಸಂಗಮೇಶ ಎರಡು ಸಲ ರಜೆ ಹಾಕಿ ಜೊತೆಗೆ ಹೋದರು. ಶ್ರಾವಣಿ ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಅಬೋಲಾ ಮುಗಿಯಿತು, ತಪ್ಪು ತನ್ನದು ಎಂದು ಬರೆದಳು. ಪ್ರಾಜಕ್ತಾಳ ತಾಯಿ ಅಷ್ಟಕ್ಕೆ ಒಪ್ಪಲಿಲ್ಲ. ನನ್ನ ಮಗಳು ಏಳು ವಾರ ಒಬ್ಬಳೇ ಕೂತಿದ್ದಾಳೆ, ಮೊಬೈಲಿನಲ್ಲಿ ಬರೆದರೆ ತೀರಿತೇ, ಅವಳು ಎದುರಿಗೆ ಬಂದು ಮುಖ ನೋಡಿ ಮಾತಾಡಲಿ ಎಂದರು. ಅವರ ಮಾತು ನ್ಯಾಯವಾದದ್ದು. ಎರಡೂ ಮನೆಯವರು ನನ್ನ ಕೋಣೆಯಲ್ಲಿ ಕೂಡುವುದೆಂದು ಶನಿವಾರಕ್ಕೆ ಗೊತ್ತಾಯಿತು. ಶ್ರಾವಣಿ ಏನು ಹೇಳಬೇಕೆಂದು ಮೂರು ಸಲ ಬರೆದು ಹರಿದಳು.

ಗುರುವಾರ ನನ್ನ ಹುದ್ದೆ ರದ್ದಾಯಿತು. ಆ್ಯಪ್ ಇರುವಾಗ ಆಪ್ತಸಮಾಲೋಚಕಿಯ ಅಗತ್ಯವಿಲ್ಲವೆಂದು ಆದೇಶದಲ್ಲಿತ್ತು. ಶುಕ್ರವಾರ ಶಾಲು, ಕಾಯಿ. ಶನಿವಾರ ಎರಡು ಕುಟುಂಬಗಳು ಬಂದಾಗ ಕೋಣೆಗೆ ಬೀಗವಿತ್ತು. ಕಾವಲುಗಾರ ಅವರನ್ನು ಗೇಟಿನಿಂದಲೇ ಕಳಿಸಿದ. ಸೋಮವಾರ ಯಾರೋ ಹಳೆಯ ದೂರನ್ನು ನೋಡಿ ಮೂರನೆಯ ಕೆಂಪು ಚುಕ್ಕೆ ಒತ್ತಿದರು. ಶ್ರಾವಣಿಗೆ ಶಾಲೆ ಬಿಟ್ಟ ದಾಖಲೆ, ಅಂದರೆ ಟೀಸಿ, ಕೊಟ್ಟು ಕಳಿಸುವ ಪ್ರಸ್ತಾವ ಈಗ ಸಮಿತಿಯ ಮುಂದಿದೆ. ಪ್ರಾಜಕ್ತಾ ಇನ್ನೂ ಶಾಲೆಗೆ ಮರಳಿಲ್ಲ. ಅವಳಿಗಾಗಿ ಸಮಿತಿಯ ಮುಂದೆ ಯಾವ ಪ್ರಸ್ತಾವವೂ ಇಲ್ಲ.

ಮಾನ್ಯ ಅಧ್ಯಕ್ಷರೇ, ನಿಮ್ಮ ಉತ್ತರವನ್ನು ಲಿಖಿತವಾಗಿ ಕೋರುತ್ತೇನೆ. ಹೆತ್ತವರ ಸ್ಥಿತಿಗತಿಯನ್ನು ವಿಚಾರಿಸುವ ಸಾಲನ್ನು ಸೇರಿಸಲು ನಾನು ಕೊಟ್ಟ ಮೂರು ಮನವಿಗಳನ್ನು ಯಾರು, ಯಾವ ಕಾರಣಕ್ಕೆ ತಳ್ಳಿಹಾಕಿದರು? ಏಳು ವಾರ ಒಂದು ತರಗತಿ ಒಬ್ಬ ಹುಡುಗಿಯೊಂದಿಗೆ ಮಾತಾಡದಿದ್ದುದು ಆ ತರಗತಿಗೆ ದಿನಕ್ಕೆ ಏಳು ಸಲ ಹೋಗುವ ಶಿಕ್ಷಕರಿಗೆ ಏಕೆ ಕಾಣಲಿಲ್ಲ? ಶ್ರಾವಣಿಯನ್ನು ಹೊರಗೆ ಕಳಿಸಿದರೆ ಪ್ರಾಜಕ್ತಾಳ ಪಕ್ಕದಲ್ಲಿ ಕೂರುವವರು ಯಾರು? ಶ್ರಾವಣಿ ಮಾಡಿದ್ದು ಸಣ್ಣ ತಪ್ಪೆಂದು ನಾನು ವಾದಿಸುತ್ತಿಲ್ಲ. ಆ ತಪ್ಪನ್ನು ಎದುರು ನಿಂತು ಒಪ್ಪಿಕೊಳ್ಳಲು ಅವಳು ಬಂದಿದ್ದಳು, ಕೇಳಿಸಿಕೊಳ್ಳಲು ಪ್ರಾಜಕ್ತಾ ಬಂದಿದ್ದಳು. ಬೀಗ ಹಾಕಿದವರು ನೀವು.

ಆದ್ದರಿಂದ ವಿಚಾರಣೆಗೆ ಮುನ್ನ ಎರಡೂ ಕುಟುಂಬಗಳನ್ನು ಗೌರವದಿಂದ ಕರೆಸಿ, ಆ ಶನಿವಾರದ ಭೇಟಿಯನ್ನು ನಡೆಸಿಕೊಡಬೇಕೆಂದು ವಿನಂತಿ. ನಡೆಸಲು ನಾನೇ ಬೇಕೆಂದಿಲ್ಲ. ಅಕ್ಕಲಕೋಟೆಯ ಶಾಂತಾ ಮಾವಶಿ ಇನ್ನೂ ನಾಸಿಕದ ಶಾಲೆಯಲ್ಲೇ ಇದ್ದಾಳೆ, ಸಮಿತಿಯ ಐವರೂ ಸೇರಿ ಮಾಡುವುದಕ್ಕಿಂತ ಚೆನ್ನಾಗಿ ಮಾಡಬಲ್ಲಳು. ಉತ್ತರದ ಪ್ರತಿ ನನಗೆ ಬಾರದಿದ್ದರೂ ಶ್ರಾವಣಿ, ಪ್ರಾಜಕ್ತಾ ಇಬ್ಬರ ತಾಯಂದಿರಿಗೂ ತಲುಪಲಿ. ಶ್ರಾವಣಿಯ ಟೀಸಿ ಈಗಾಗಲೇ ಬರೆದು ನಿಮ್ಮ ಮೇಜಿನ ಮೇಲೆ ಬಂದಿದ್ದರೆ, ದಯವಿಟ್ಟು ಅದಕ್ಕೆ ಸಹಿ ಹಾಕಬೇಡಿ.